ಕೊರಳು ಎರಡಾದರೆ ಗಂಟಲು ಎಷ್ಟು?

ಬಳ್ಳಿಗಾವಿಯ ಭೇರುಂಡೇಶ್ವರ ಕಂಬದ ಬಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ನನಗೆ ವರ್ಷಕ್ಕೊಮ್ಮೆ ಬರುವ ಕೆಲಸ. ನಾನು ಇತಿಹಾಸದ ಮೇಷ್ಟ್ರಲ್ಲ, ವಿಜ್ಞಾನದವನು. ಆದರೆ ಹತ್ತಿರದ ಶಾಲೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರವಾಸ ಇನ್ನೊಂದಿಲ್ಲ. ಬುತ್ತಿ ಕಟ್ಟಿಕೊಂಡು ಹೊರಟರೆ ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಈ ಕಂಬ ಎಲ್ಲವೂ ಸಂಜೆಯೊಳಗೆ ಮುಗಿಯುತ್ತವೆ. ಸುಮಾರು ಮೂವತ್ತು ಅಡಿ ಎತ್ತರದ ಕಲ್ಲಿನ ಕಂಬ, ಕ್ರಿ.ಶ. ೧೦೪೭ರಲ್ಲಿ, ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯನೆಂಬ ಮಾಂಡಲಿಕ ನಿಲ್ಲಿಸಿದ್ದು. ಭೇರುಂಡನ ಮೈ ಮನುಷ್ಯನದು. ತಲೆ ಹಕ್ಕಿಯದು, ಅದೂ ಎರಡು.

ಒಂದು ವರ್ಷ ಅಲ್ಲಿ ನಿಂತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: 'ಸಾರ್, ಇದಕ್ಕೆ ಎರಡು ಕೊರಳಿದೆ. ಹಾಗಾದರೆ ಗಂಟಲು ಎಷ್ಟು?'

ಉಳಿದವರು ನಕ್ಕರು. ನಾನು ನಗಲಿಲ್ಲ. ಪ್ರಶ್ನೆ ತಮಾಷೆಯದಾದರೂ ಹುಡುಗಿ ಕೊರಳು ಬೇರೆ, ಗಂಟಲು ಬೇರೆ ಎಂದು ಗುರುತಿಸಿದ್ದಳು. ಪಂಚತಂತ್ರದಲ್ಲಿ ಇಂಥದೇ ಹಕ್ಕಿಯ ಕಥೆ ಬರುತ್ತದೆಯಲ್ಲ, ಎರಡು ತಲೆ, ಒಂದು ಹೊಟ್ಟೆ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು, ಇನ್ನೊಂದಕ್ಕೆ ಕೊಡಲಿಲ್ಲ. ಸಿಟ್ಟಿಗೆದ್ದ ಆ ತಲೆ ವಿಷದ ಹಣ್ಣು ನುಂಗಿತು. ಹೊಟ್ಟೆ ಒಂದೇ ಆದ್ದರಿಂದ ಇಬ್ಬರೂ ಸತ್ತರು. ಕಥೆ ಹೇಳಿದವನು ಹೊಟ್ಟೆಯ ಲೆಕ್ಕ ಕೊಟ್ಟ, ಗಂಟಲಿನ ಲೆಕ್ಕ ಕೊಡಲಿಲ್ಲ. 'ನೀನೇ ಚಿತ್ರ ಬರೆದುಕೊಂಡು ಬಾ, ನೋಡೋಣ' ಎಂದು ಹೇಳಿ ಆ ಹೊತ್ತಿಗೆ ತಪ್ಪಿಸಿಕೊಂಡೆ.

ಆದರೆ ಗಂಟಲು ಎಂಬ ಮಾತು ಅಂದಿನಿಂದ ನನ್ನ ಬೆನ್ನು ಹತ್ತಿತು. ಕನ್ನಡದಲ್ಲಿ ತಲೆಗೂ ಎದೆಗೂ ನಡುವಿನ ಈ ಗೇಣುದ್ದದ ಜಾಗಕ್ಕೆ ಎಷ್ಟು ಹೆಸರುಗಳಿವೆ ನೋಡಿ: ಕುತ್ತಿಗೆ, ಕತ್ತು, ಕೊರಳು, ಗೋಣು, ಗಂಟಲು, ಸಂಸ್ಕೃತದಿಂದ ಬಂದ ಕಂಠ, ಗಳ. ಎಲ್ಲ ಒಂದೇ ಎಂದು ನಿಘಂಟು ನೋಡಿದವರು ಹೇಳಬಹುದು. ಆಡುವವರು ಹೇಳುವುದಿಲ್ಲ. ಸರ ಹಾಕುವುದು ಕೊರಳಿಗೆ, ಗಂಟಲಿಗೆ ಯಾರೂ ಹಾಕುವುದಿಲ್ಲ. ಭಾರ ಹೊತ್ತು ನೋಯುವುದು ಕುತ್ತಿಗೆ, ತಣ್ಣೀರು ಕುಡಿದು ನೋಯುವುದು ಗಂಟಲು. ಕೋಲೆ ಬಸವ ಅಲ್ಲಾಡಿಸುವುದು ಗೋಣು. ಸಾಲ ಬಂದು ಕೂರುವುದು ಕುತ್ತಿಗೆಗೆ. ಹಿಂದಿಯಲ್ಲಿ 'ಗಲಾ' ಎಂದರೆ ಹೊರಗಿನದೂ ಆಯಿತು, ಒಳಗಿನದೂ ಆಯಿತು. ನಮ್ಮ ಭಾಷೆ ಇಲ್ಲಿ ಹೆಚ್ಚು ಹುಷಾರಿನದು. ಹೊರಗಿನ ಗೋಡೆಗೆ ಒಂದು ಹೆಸರು, ಒಳಗಿನ ಓಣಿಗೆ ಇನ್ನೊಂದು.

ಆದರೆ ಒಳಗೆ ಹೋದ ಮೇಲೆ ಇದೇ ಭಾಷೆ ಸ್ವಲ್ಪ ಮೈಮರೆಯುತ್ತದೆ. ಅನ್ನ ಇಳಿಯುವುದೂ ಗಂಟಲಲ್ಲಿ, ಉಸಿರಾಡುವುದೂ ಗಂಟಲಲ್ಲಿ, ಹಾಡುವುದೂ ಗಂಟಲಲ್ಲಿ. 'ಗಂಟಲಿಗೆ ಇಳಿಯಲಿಲ್ಲ' ಎಂದರೆ ಊಟದ ಮಾತು. 'ಗಂಟಲು ಕಟ್ಟಿದೆ' ಎಂದರೆ ಧ್ವನಿಯ ಮಾತು. 'ಗಂಟಲು ಒಡೆಯಿತು' ಎಂದರೆ ಹುಡುಗ ದೊಡ್ಡವನಾದ ಎಂದು. 'ಗಂಟಲು ಉಬ್ಬಿ ಬಂತು' ಎಂದರೆ ಅಳು. 'ಗಂಟಲ ಮುಳ್ಳು' ಎಂದರೆ ನುಂಗಲೂ ಆಗದ, ಉಗುಳಲೂ ಆಗದ ಸಂಬಂಧ. ಮಾತಿನ ಸೊಗಸಿಗೆ ಇದೆಲ್ಲ ಚೆಂದವೇ. ಒಂದು ಸಲ ಮಾತ್ರ ಈ ಒಂದೇ ಮಾತಿನಿಂದ ನಾನು ದೊಡ್ಡ ತಪ್ಪು ಮಾಡಿದೆ.

ಹದಿನೈದು ವರ್ಷದ ಹಿಂದಿನ ಮಾತಿರಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಬಾಯಿ ತುಂಬ ಹುರಿದ ಶೇಂಗಾ ಹಾಕಿಕೊಂಡು ನಗುತ್ತ ಓಡುತ್ತಿದ್ದ. ಅವನ ಗೆಳೆಯ ನನ್ನ ಹತ್ತಿರ ಬಂದು, 'ಸಾರ್, ಅವನಿಗೆ ಗಂಟಲಲ್ಲಿ ಸಿಕ್ಕೈತಿ' ಎಂದ. ಗಂಟಲಲ್ಲಿ ಸಿಕ್ಕಿದರೆ ಏನು ಮಾಡುತ್ತೇವೆ? ನೀರು ಕುಡಿಸುತ್ತೇವೆ. ನಾನೂ ಲೋಟ ಹಿಡಿದು ಹೋದೆ. ಬಿಎಸ್ಸಿ ಓದಿದವನು, ಜೀರ್ಣಾಂಗವ್ಯೂಹದ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲವನು, ಹುಡುಗನ ಬಾಯಿಗೆ ನೀರು ಹಿಡಿದೆ. ಹುಡುಗ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡಿದ್ದ. ಕೆಮ್ಮುತ್ತಿರಲಿಲ್ಲ, ಅಳುತ್ತಿರಲಿಲ್ಲ, ಸದ್ದೇ ಇರಲಿಲ್ಲ. ತುಟಿ ನೀಲಿಗೆ ತಿರುಗುತ್ತಿತ್ತು. ಆಗ ಬಿಸಿಯೂಟದ ಅಡುಗೆಯ ಅಕ್ಕ ಓಡಿ ಬಂದರು. 'ನೀರು ಕೊಡಬ್ಯಾಡ್ರಿ ಸಾರ್, ಅವನಿಗೆ ಉಸ್ರೇ ಇಲ್ಲ' ಎಂದು ನನ್ನ ಕೈಯನ್ನು ತಳ್ಳಿ, ಹುಡುಗನನ್ನು ಮುಂದಕ್ಕೆ ಬಗ್ಗಿಸಿ, ಎರಡು ಹೆಗಲಿನ ನಡುವೆ ಅಂಗೈಯಿಂದ ಬಲವಾಗಿ ಹೊಡೆದರು. ಮೂರನೆಯದೋ ನಾಲ್ಕನೆಯದೋ ಹೊಡೆತಕ್ಕೆ ಶೇಂಗಾ ಹೊರಬಿತ್ತು. ಹುಡುಗ ದೊಡ್ಡದಾಗಿ ಅಳತೊಡಗಿದ. ಅಷ್ಟು ಇಂಪಾದ ಅಳುವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎಲ್ಲಿ ಕಲಿತಿರಿ ಎಂದು ಆಮೇಲೆ ಕೇಳಿದೆ. 'ಕಲಿಯೂದೇನ್ರಿ, ಕೂಸಿಗೆ ಹಿಂಗಾದಾಗ ನಮ್ಮವ್ವ ಮಾಡ್ತಿದ್ಲು' ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಂಟಲಲ್ಲಿ ಸಿಕ್ಕಿದೆ ಎಂಬ ಮಾತು ನನ್ನ ತಲೆಯಲ್ಲಿ ಅನ್ನದ ದಾರಿಯನ್ನು ತೆರೆದಿತ್ತು. ಅಡುಗೆಯ ಅಕ್ಕ ಆ ಮಾತನ್ನು ಕೇಳಲಿಲ್ಲ, ಹುಡುಗನ ಮುಖವನ್ನು ನೋಡಿದರು.

ಈಗ ಗಂಟಲಿನೊಳಗೆ ಸ್ವಲ್ಪ ಇಳಿಯೋಣ. ಬಾಯಿಯ ಹಿಂದೆ ಇರುವುದು ಗಂಟಲಕುಳಿ. ಮೂಗಿನಿಂದ ಬಂದ ಗಾಳಿಯೂ ಬಾಯಿಯಿಂದ ಬಂದ ಆಹಾರವೂ ಇಲ್ಲಿ ಸೇರುತ್ತವೆ. ನಮ್ಮ ಶಿರಾಳಕೊಪ್ಪದ ಬಸ್ ನಿಲ್ದಾಣದಂತೆ ಎನ್ನಿ, ಬಂದವರೆಲ್ಲ ಇಲ್ಲಿಳಿದು ಬೇರೆ ಬೇರೆ ಕಡೆ ಹೋಗಬೇಕು. ಕೆಳಗೆ ಎರಡು ನಾಳಗಳು. ಮುಂದಿನದು ಶ್ವಾಸನಾಳ, ಅದರ ಹಿಂದೆ ಅನ್ನನಾಳ. ಶ್ವಾಸನಾಳ ದೊಡ್ಡವರಲ್ಲಿ ಸುಮಾರು ೧೦ರಿಂದ ೧೨ ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲ. ಮೆಲ್ಲೆಲುಬಿನ ಉಂಗುರಗಳು ಅದನ್ನು ಸದಾ ತೆರೆದಿಟ್ಟಿರುತ್ತವೆ. ಅನ್ನನಾಳ ಸುಮಾರು ೨೫ ಸೆಂಟಿಮೀಟರ್ ಉದ್ದ. ತುತ್ತು ಬಂದಾಗ ಮಾತ್ರ ಅಗಲವಾಗುವ ಮೆತ್ತನೆಯ ಕೊಳವೆ. ಶ್ವಾಸನಾಳದ ತಲೆಯ ಮೇಲೆ ಧ್ವನಿಪೆಟ್ಟಿಗೆ, ಅದರ ಮೇಲೊಂದು ಎಲೆಯಂಥ ಮುಚ್ಚಳ. ಈ ಮುಚ್ಚಳವನ್ನು ಕಿರುನಾಲಗೆ ಎಂದು ಬರೆಯುವುದುಂಟು. ಬಾಯಿ ಅಗಲಿಸಿದರೆ ಹಿಂದೆ ತೂಗಾಡುವ ತುಣುಕಿಗೂ ಜನ ಕಿರುನಾಲಗೆ ಎನ್ನುತ್ತಾರೆ. ಎರಡೂ ಬೇರೆ ಬೇರೆ. ಮಕ್ಕಳು ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಮಾಡಿದಾಗ ನಾನು ಅರ್ಧ ಅಂಕ ಕೊಡುತ್ತೇನೆ. ತಪ್ಪು ಅವರದೊಂದೇ ಅಲ್ಲ.

ನಿಮ್ಮ ಕುತ್ತಿಗೆಯ ಮುಂದಿನ ಗಂಟಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ. ಗಂಟು ಮೇಲಕ್ಕೆ ಜಿಗಿದು ಇಳಿಯುತ್ತದೆ, ಅಲ್ಲವೇ? ಧ್ವನಿಪೆಟ್ಟಿಗೆ ಮೇಲೆದ್ದು, ಮುಚ್ಚಳ ಬಾಗಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಉಸಿರು ನಿಂತಿರುತ್ತದೆ. ನುಂಗುವುದು, ಉಸಿರೆಳೆಯುವುದು ಎರಡನ್ನೂ ಒಟ್ಟಿಗೆ ಮಾಡಲು ಯಾರಿಗೂ ಬಾರದು. ತಿನ್ನುತ್ತ ನಕ್ಕರೆ, ಓಡಿದರೆ, ಮಾತಾಡಿದರೆ ಈ ಹೊಂದಾಣಿಕೆ ಒಂದು ಕ್ಷಣ ತಪ್ಪುತ್ತದೆ. 'ಊಟದ ಹೊತ್ತಿನಲ್ಲಿ ಮಾತಾಡಬೇಡ' ಎಂದು ಅಜ್ಜಿ ಗದರಿದ್ದು ಶಿಸ್ತಿಗೆ ಮಾತ್ರ ಅಲ್ಲ.

ಈ ಕಟ್ಟಡದ ನಕ್ಷೆ ಸರಿಯಿಲ್ಲ ಎಂದು ಚಾರ್ಲ್ಸ್ ಡಾರ್ವಿನ್‌ಗೂ ಅನ್ನಿಸಿತ್ತು. ನಾವು ನುಂಗುವ ಪ್ರತಿಯೊಂದು ಕಣವೂ ಶ್ವಾಸನಾಳದ ಬಾಯಿಯನ್ನು ದಾಟಿಯೇ ಹೋಗಬೇಕಾಗಿರುವುದು ವಿಚಿತ್ರ ಎಂದು ೧೮೫೯ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಹಸುಗೂಸಿನ ಧ್ವನಿಪೆಟ್ಟಿಗೆ ಮೇಲಿರುತ್ತದೆ, ಬೆಳೆದಂತೆ ಕೆಳಗಿಳಿಯುತ್ತದೆ. ಹಾಗೆ ಇಳಿದದ್ದರಿಂದಲೇ ನಾಲಗೆಗೆ ಓಡಾಡಲು ಜಾಗ ಸಿಕ್ಕಿ ಇಷ್ಟೊಂದು ಸ್ವರಗಳು ಸಾಧ್ಯವಾದವು ಎಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಮಾತು ಬಂತು, ಜೊತೆಗೆ ತುತ್ತು ಸಿಕ್ಕಿಕೊಳ್ಳುವ ಭಯವೂ ಹೆಚ್ಚಿತು.

ತುತ್ತು ದಾರಿ ತಪ್ಪಿದಾಗ ಕನ್ನಡದವರು ಏನೆನ್ನುತ್ತಾರೆ? 'ನೆತ್ತಿಗೆ ಹತ್ತಿತು' ಎನ್ನುತ್ತಾರೆ. ಇಳಿಯಬೇಕಾದದ್ದು ಏರಿತು ಎಂಬ ಲೆಕ್ಕ. ಮೂಗಿನ ಹಿಂದೆ ಸುರ್ರೆಂದು ಉರಿಯುವುದರಿಂದ ಈ ಮಾತು ಹುಟ್ಟಿರಬೇಕು. ತಾಯಿ ನೆತ್ತಿ ತಟ್ಟುತ್ತ, 'ಯಾರೋ ನಿನ್ನ ನೆನೆಸಿಕೊಂಡರು' ಎಂದು ಸಮಾಧಾನ ಮಾಡುತ್ತಾಳೆ. ಮಗು ಕೆಮ್ಮುತ್ತಿದ್ದರೆ ನೆತ್ತಿ ತಟ್ಟಿದರೂ ನಷ್ಟವಿಲ್ಲ. ಕೆಮ್ಮೇ ಮದ್ದು, ಅದು ತಾನೇ ಹೊರಹಾಕುತ್ತದೆ. ಮಗು ಕೆಮ್ಮಲಾರದೆ, ಮಾತಾಡಲಾರದೆ ಕಣ್ಣು ಬಿಡುತ್ತಿದ್ದರೆ ಮಾತ್ರ ನೆನೆಸಿಕೊಂಡವರ ಲೆಕ್ಕ ಹಾಕುತ್ತ ಕೂರುವ ಹೊತ್ತಲ್ಲ. ನೀರು ಕೊಡಬಾರದು. ಕಾಣದ ವಸ್ತುವನ್ನು ಹುಡುಕಲು ಬಾಯೊಳಗೆ ಬೆರಳು ಹಾಕಬಾರದು, ಅದು ಇನ್ನೂ ಒಳಗೆ ಹೋದೀತು. ಮುಂದಕ್ಕೆ ಬಗ್ಗಿಸಿ ಹೆಗಲುಗಳ ನಡುವೆ ಐದು ಬಲವಾದ ಹೊಡೆತ. ಆಗಲಿಲ್ಲವೆಂದರೆ ಹಿಂದೆ ನಿಂತು, ಹೊಕ್ಕುಳಿನ ಮೇಲೆ, ಪಕ್ಕೆಲುಬುಗಳ ಕೆಳಗೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಹಿಡಿದು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವಸ್ತು ಹೊರಬರುವ ತನಕ ಹೀಗೆ ಐದು, ಐದು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ ಐದು ಹೊಡೆತ, ಆಮೇಲೆ ಮಗುವನ್ನು ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು. ಜೊತೆಗಿದ್ದವರು ಅಷ್ಟರಲ್ಲಿ ೧೦೮ಕ್ಕೆ ಕರೆ ಮಾಡಬೇಕು. ಹೊಟ್ಟೆ ಒತ್ತುವ ವಿಧಾನವನ್ನು ಹೆನ್ರಿ ಹೈಮ್ಲಿಕ್ ಎಂಬ ಅಮೆರಿಕದ ವೈದ್ಯ ಪ್ರಕಟಿಸಿದ್ದು ೧೯೭೪ರಲ್ಲಿ. ಪುಪ್ಪುಸದಲ್ಲಿ ಉಳಿದ ಗಾಳಿಯನ್ನೇ ಕೆಳಗಿನಿಂದ ತಳ್ಳಿ ಬಿರಡೆ ಹಾರಿಸುವ ಉಪಾಯ ಅದು.

ಚಿಕ್ಕ ಮಕ್ಕಳ ಶ್ವಾಸನಾಳ ತೀರ ಸಣ್ಣದು. ನಾಲ್ಕೈದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಹುರಿಗಡಲೆ, ಅಡಿಕೆ ಚೂರು, ದ್ರಾಕ್ಷಿ ಕೊಡುವ ಮುನ್ನ ಎರಡು ಸಲ ಯೋಚಿಸಿ. ನಮ್ಮ ಕಡೆ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಅಂಬೆಗಾಲಿಡುವ ಮಗುವೂ ಅಲ್ಲೇ ಇರುತ್ತದೆ.

ಹೊಕ್ಕುಳಿನಿಂದ ಗಾಳಿ ಮೇಲೇಳುವುದೆಂದೆನಲ್ಲ, ಅದನ್ನು ಓದುವಾಗಲೆಲ್ಲ ನನಗೆ ಕೇಶಿರಾಜ ನೆನಪಾಗುತ್ತಾನೆ. ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವೆಂಬ ಕನ್ನಡ ವ್ಯಾಕರಣ ಬರೆದವನು. ಗಾಳಿ ಅನುಕೂಲವಾಗಿ, ಜೀವ ಇಷ್ಟಪಟ್ಟಾಗ, ಹೊಕ್ಕುಳಿನ ಬುಡದಿಂದ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ ಎಂಬುದು ಅವನ ಮಾತಿನ ಸಾರ. ಹೊಕ್ಕುಳಿನಲ್ಲಿ ಶಬ್ದ ಹುಟ್ಟುವುದೇ ಎಂದು ನಾನೂ ಕಾಲೇಜಿನಲ್ಲಿ ನಕ್ಕಿದ್ದೆ. ಈಗ ನಗುವುದಿಲ್ಲ. ಹಾಡುಗಾರರನ್ನು ಕೇಳಿ, ಉಸಿರು ಹೊಟ್ಟೆಯಿಂದ ಬರಲಿ ಎನ್ನುತ್ತಾರೆ. ಇನ್ನು ಕಹಳೆಯ ಹೋಲಿಕೆ ನೋಡಿ. ಕಹಳೆಯಲ್ಲಿ ಸದ್ದು ಮಾಡುವುದು ಊದುವವನ ತುಟಿಗಳು. ಬಿಗಿದ ತುಟಿಗಳ ನಡುವೆ ಗಾಳಿ ನುಗ್ಗಿ ಅವು ಅದುರುತ್ತವೆ, ಕೊಳವೆ ಆ ಅದುರನ್ನು ದೊಡ್ಡದು ಮಾಡುತ್ತದೆ. ನಮ್ಮ ಧ್ವನಿಪೆಟ್ಟಿಗೆಯಲ್ಲೂ ಎರಡು ಧ್ವನಿತಂತುಗಳು ತುಟಿಗಳ ಹಾಗೆಯೇ ಬಿಗಿದು ಅದುರುತ್ತವೆ, ಗಂಟಲಕುಳಿ, ಬಾಯಿ, ಮೂಗು ಅದಕ್ಕೆ ರೂಪ ಕೊಡುತ್ತವೆ. ಕೊಳಲು ಎನ್ನಲಿಲ್ಲ, ವೀಣೆ ಎನ್ನಲಿಲ್ಲ, ಕಹಳೆ ಎಂದ. ಆತನಿಗೆ ಧ್ವನಿತಂತುಗಳ ವಿಷಯ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ಹೋಲಿಕೆ ಮಾತ್ರ ಗುರಿಗೆ ಬಿದ್ದಿದೆ.

ಧ್ವನಿತಂತುಗಳು ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು ೧೨೦ ಸಲ, ಹೆಂಗಸರಲ್ಲಿ ಸುಮಾರು ೨೧೦ ಸಲ, ಮಕ್ಕಳಲ್ಲಿ ೩೦೦ರ ಹತ್ತಿರ ಅದುರುತ್ತವೆ. ಹುಡುಗರಿಗೆ ಹನ್ನೆರಡು ಹದಿಮೂರು ದಾಟಿದಾಗ ತಂತುಗಳು ಬೇಗ ಬೇಗ ಉದ್ದವಾಗಿ ದಪ್ಪವಾಗುತ್ತವೆ, ಹತೋಟಿ ತಪ್ಪಿ ಧ್ವನಿ ಒಮ್ಮೆ ಕೀರಲು, ಒಮ್ಮೆ ಗೊಗ್ಗರು. ಇದೇ ಗಂಟಲು ಒಡೆಯುವುದು. ಆ ವಯಸ್ಸಿನ ಹುಡುಗನನ್ನು ಪ್ರಾರ್ಥನೆಯಲ್ಲಿ ಹಾಡಿಸಿ ನಗುವುದನ್ನು ದಯವಿಟ್ಟು ಬಿಡಿ. ಈ ತಂತುಗಳನ್ನು ಬದುಕಿರುವ ಮನುಷ್ಯನಲ್ಲಿ ಕೆಲಸ ಮಾಡುತ್ತಿರುವಾಗ ಚೆನ್ನಾಗಿ ನೋಡಿ ವಿವರಿಸಿದವರಲ್ಲಿ ಮೊದಲಿಗನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಮಾನುಯೆಲ್ ಗಾರ್ಸಿಯಾ ಎಂಬಾತ ೧೮೫೪ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ತಾನು ಹಾಡುವುದನ್ನು ತಾನೇ ಒಳಗೆ ನೋಡಿದ. ಆತ ನೂರಾ ಒಂದು ವರ್ಷ ಬದುಕಿದ.

ಬಳ್ಳಿಗಾವಿಗೇ ಮತ್ತೆ ಬರುತ್ತೇನೆ. ಕೇದಾರೇಶ್ವರ ಗುಡಿಗೆ ಸೇರಿದಂತೆ ಹಿಂದೆ ಕೋಡಿಯಮಠವಿತ್ತು. ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರ. ಬಿಜ್ಜಳನ ಕಾಲದ ೧೧೬೨ರ ಶಾಸನ ಅದನ್ನು ಬಾಯಿ ತುಂಬ ಹೊಗಳುತ್ತದೆ. ನಾಲ್ಕು ವೇದ, ಆರು ದರ್ಶನ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು ಅಲ್ಲಿ ನಡೆಯುತ್ತಿದ್ದವು. ದೀನರು, ಕುರುಡರು, ಕುಂಟರು, ಕಿವುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧಿಯೂ ಇತ್ತು. ಒಂದೇ ಮಠದಲ್ಲಿ ಒಬ್ಬರು ಗಂಟಲಿಗೆ ಮದ್ದು ಅರೆಯುತ್ತಿದ್ದಿರಬಹುದು, ಪಕ್ಕದ ಜಗಲಿಯಲ್ಲಿ ಇನ್ನೊಬ್ಬರು ಗಂಟಲಲ್ಲಿ ಹುಟ್ಟುವ ಅಕ್ಷರಗಳನ್ನು ಕಲಿಸುತ್ತಿದ್ದಿರಬಹುದು. ಆ ಮಠದ ಗುರುಪರಂಪರೆಯಲ್ಲಿ ಕೇದಾರಶಕ್ತಿಯ ಶಿಷ್ಯನ ಹೆಸರೇ ಶ್ರೀಕಂಠ!

ಗಂಟಲಲ್ಲಿ ಹುಟ್ಟುವ ಅಕ್ಷರ ಎಂದೆ. ಕ ಖ ಗ ಘ ಙ ಇವನ್ನು ಕಂಠ್ಯ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಹುಡುಗರು ಕೇಳುತ್ತಾರೆ: 'ಸಾರ್, ಕ ನಿಜವಾಗಿ ಗಂಟಲಿನಿಂದ ಬರುತ್ತದಾ?' ಕನ್ನಡಿ ಹಿಡಿದು ಬಾಯಿ ತೆರೆದು 'ಕಾ, ಕಾ' ಎನ್ನಿ. ನಾಲಗೆಯ ಹಿಂಭಾಗ ಮೇಲೆದ್ದು ಮೃದು ಅಂಗುಳಿಗೆ ತಗಲುವುದು ಕಾಣುತ್ತದೆ. ಅಂದರೆ ಗಂಟಲಿನ ಹೊಸ್ತಿಲಲ್ಲಿ, ಒಳಗಲ್ಲ. ಹಿಂದಿನವರಿಗೂ ಇದು ತಿಳಿಯದೆ ಇರಲಿಲ್ಲ. ಕೆಲವು ಪ್ರಾಚೀನ ಗ್ರಂಥಗಳು ಈ ವರ್ಗವನ್ನು ನಾಲಗೆಯ ಬುಡದ್ದು, ಜಿಹ್ವಾಮೂಲದ್ದು ಎಂದೇ ಕರೆದಿವೆ. ನಿಜವಾಗಿ ಗಂಟಲೊಳಗೆ ಹುಟ್ಟುವ ಅಕ್ಷರವೆಂದರೆ ಹಕಾರ. ಧ್ವನಿತಂತುಗಳ ನಡುವೆ ಗಾಳಿ ಉಜ್ಜಿಕೊಂಡು ಬಂದರೆ ಅದೇ 'ಹ'. ಕನ್ನಡದ ದೊಡ್ಡ ಕಥೆಯೊಂದು ಈ ಹಕಾರದ್ದೇ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳರು ಇಂದಿಗೂ 'ಪಾಲ್' ಎನ್ನುತ್ತಾರೆ. ತುಟಿಯಲ್ಲಿದ್ದ ಶಬ್ದ ನಮ್ಮಲ್ಲಿ ಗಂಟಲಿಗೆ ಇಳಿಯಿತು. ಬಳ್ಳಿಗಾವಿ ಮೆರೆದ ಶತಮಾನಗಳು ಈ ಬದಲಾವಣೆ ನಡೆಯುತ್ತಿದ್ದ ಶತಮಾನಗಳೇ.

ತಮಿಳಿನ ಮಾತು ಬಂದದ್ದರಿಂದ ಇನ್ನೊಂದು. ಅಲ್ಲಿ 'ಕುರಲ್' ಎಂದರೆ ಧ್ವನಿ. ನಮ್ಮ ಕೊರಳಿನ ಅಣ್ಣತಮ್ಮ ಅದು. ನಾವು ಕೊರಳಿನ ಧ್ವನಿಯ ಅರ್ಥವನ್ನು ಬಹುಮಟ್ಟಿಗೆ ಮರೆತು ಸರ ಹಾಕುವ ಜಾಗವನ್ನಷ್ಟೇ ಉಳಿಸಿಕೊಂಡೆವು. ಆದರೆ 'ಒಕ್ಕೊರಲಿನಿಂದ ಒಪ್ಪಿದರು' ಎನ್ನುವಾಗ ಹಳೆಯ ಅರ್ಥ ಎದ್ದು ಕೂರುತ್ತದೆ. ತಿರುಕ್ಕುರಳಿನ ಕುರಳ್ ಇದಲ್ಲ, ಅದು ಬೇರೆ ರಕಾರದ, ಗಿಡ್ಡ ಎಂಬ ಅರ್ಥದ ಮಾತು. ಬಹಳ ಜನ ಇಲ್ಲಿ ಎಡವುತ್ತಾರೆ.

ಕೊರಳು ಕಳೆದುಕೊಂಡ ಕೆಲಸವನ್ನು ಕನ್ನಡದಲ್ಲಿ ಕಂಠ ವಹಿಸಿಕೊಂಡಿತು. ಕಂಚಿನ ಕಂಠ, ಗದ್ಗದ ಕಂಠ, ಕಂಠಶೋಷಣೆ (ನಮ್ಮ ವೃತ್ತಿಯ ಕಾಯಿಲೆ). ಪಾಠ ತಲೆಗೆ ಹೋಗದಿದ್ದರೂ ಕಂಠಪಾಠವಾಗುತ್ತದೆ. ಬೇರೆಯವರ ತುಟಿಗೆ ತನ್ನ ಧ್ವನಿ ಕೊಟ್ಟರೆ ಕಂಠದಾನ. ರಕ್ತದಾನದಷ್ಟೇ ಘನವಾದ ಹೆಸರು. ನಮ್ಮ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣನವರ ಕಂಠಕ್ಕೆ 'ಕಾಡು ಕುದುರೆ' ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಹಿರಿಯರು ಮರೆತಿರಲಾರರು. ಕೊಡಕ್ಕೂ ಕಂಠವಿದೆ, ಬಿಂದಿಗೆಗೂ ಇದೆ. 'ಕಂಠಪೂರ್ತಿ ಕುಡಿದ' ಎನ್ನುವಾಗ ಮನುಷ್ಯನನ್ನು ಕೊಡವೆಂದೇ ತಿಳಿದಿರಬೇಕು. ಕಂಠೀರವ ಎಂದರೆ ಕಂಠದಲ್ಲಿ ಗರ್ಜನೆಯುಳ್ಳದ್ದು, ಸಿಂಹ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ್ (೧೬೩೮-೧೬೫೯) ಹೊರಡಿಸಿದ ಪುಟ್ಟ ಚಿನ್ನದ ನಾಣ್ಯಕ್ಕೆ ಕಂಠೀರಾಯಿ ಹಣವೆಂದು ಹೆಸರಾಯಿತು. ಗಂಟಲು ಹೀಗೆ ಜನರ ಸೊಂಟದ ಚೀಲಕ್ಕೂ ಇಳಿಯಿತು.

ಕಂಠದ ಕಥೆಯಲ್ಲಿ ಶಿವನನ್ನು ಬಿಡಲಾಗದು. ಹಾಲಾಹಲ ಹೊಟ್ಟೆಗೆ ಇಳಿಯಲಿಲ್ಲ, ಹೊರಗೂ ಬರಲಿಲ್ಲ, ಗಂಟಲಲ್ಲಿ ನಿಂತು ನೀಲಿಯಾಯಿತು. ನೀಲಕಂಠ, ಶ್ರೀಕಂಠ ಎಂದು ಸಂಸ್ಕೃತ ಕರೆದರೆ ಕನ್ನಡ ಅದೇ ದೇವರನ್ನು ನಂಜುಂಡ ಎಂದಿತು. ಉಂಡ ಎಂದರೆ ಹೊಟ್ಟೆಗೆ ಹೋದ ಹಾಗೆ! ನಂಜನಗೂಡಿನಲ್ಲಿ ಎರಡು ಹೆಸರೂ ಒಟ್ಟಿಗೆ ಸುಖವಾಗಿವೆ. ಆದರೆ ನೀಲಕಂಠ ಎಂಬ ಹಕ್ಕಿಯಿದೆಯಲ್ಲ, ನಮ್ಮ ಕರ್ನಾಟಕದ ರಾಜ್ಯಪಕ್ಷಿ, ಗದ್ದೆಯ ಮೇಲಿನ ವಿದ್ಯುತ್ ತಂತಿಯಲ್ಲಿ ಕೂತಿರುತ್ತದೆ. ಮುಂದಿನ ಸಲ ಸರಿಯಾಗಿ ನೋಡಿ. ಅದರ ಗಂಟಲು ನೀಲಿಯಲ್ಲ. ನೇರಳೆ ಬೆರೆತ ಕಂದು, ಮೇಲೆ ಸಣ್ಣ ಬಿಳಿ ಗೀರುಗಳು. ನೀಲಿ ಇರುವುದು ರೆಕ್ಕೆಯಲ್ಲಿ, ಹೊಟ್ಟೆಯಲ್ಲಿ. ಹಾರಿದಾಗ ಮಿಂಚುವುದು ಅದೇ. ಹೆಸರನ್ನು ನಂಬಿ ಚಿತ್ರ ಬರೆದ ಮಕ್ಕಳೆಲ್ಲ ಗಂಟಲಿಗೆ ನೀಲಿ ಬಳಿಯುತ್ತಾರೆ.

ರೋಗದ ಹೆಸರುಗಳಲ್ಲಿ ಗಂಟಲು ಇಷ್ಟು ಹಗುರವಾಗಿಲ್ಲ. ಡಿಫ್ತೀರಿಯಾಕ್ಕೆ ಕನ್ನಡದಲ್ಲಿ ಗಂಟಲಮಾರಿ ಎನ್ನುತ್ತಾರೆ. ಮಾರಿ ಎಂಬ ಮಾತನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ. ಗಂಟಲಲ್ಲಿ ಬೂದು ಬಣ್ಣದ ಪೊರೆ ಬೆಳೆದು ಮಗುವಿನ ಉಸಿರು ಕಟ್ಟುತ್ತಿತ್ತು. ಇದರ ವಿಷಕ್ಕೆ ಪ್ರತಿವಿಷ ಕಂಡುಹಿಡಿದ ಎಮಿಲ್ ಫಾನ್ ಬೇರಿಂಗ್‌ಗೆ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ೧೯೦೧ರಲ್ಲಿ ಬಂತು. ಈಗ ಕೂಸಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆ ಹಾಕಿಸುತ್ತೇವೆ, ಒಂದೂವರೆ ವರ್ಷದ ಸುಮಾರಿಗೆ ಮತ್ತು ಐದು ವರ್ಷ ತುಂಬಿದ ಮೇಲೆ ಮತ್ತೆ ಹಾಕಿಸುತ್ತೇವೆ. ಅಷ್ಟಕ್ಕೆ ಮುಗಿಯಿತೆಂದು ಬಹಳ ತಂದೆತಾಯಿಗಳು ತಿಳಿದಿದ್ದಾರೆ. ಹತ್ತನೆಯ ವರ್ಷಕ್ಕೆ ಮತ್ತು ಹದಿನಾರನೆಯ ವರ್ಷಕ್ಕೆ ಟಿ.ಡಿ. ಎಂಬ ಲಸಿಕೆ ಬಾಕಿ ಇರುತ್ತದೆ, ಅದರಲ್ಲಿ ಒಂದು ಪಾಲು ಗಂಟಲಮಾರಿಯದು. ಶಾಲೆಗೆ ಆರೋಗ್ಯ ಇಲಾಖೆಯ ಅಕ್ಕಂದಿರು ಬಂದ ದಿನ ಹೊಟ್ಟೆನೋವೆಂದು ರಜೆ ಹಾಕುವ ವೀರರ ಹೆಸರು ನನ್ನ ಹಾಜರಿ ಪುಸ್ತಕದಲ್ಲಿದೆ.

ಗಳಗಂಡದಲ್ಲಿ ಗಳ ಎಂದರೆ ಗಂಟಲು, ಗಂಡ ಎಂದರೆ ಬಾವು. ಥೈರಾಯಿಡ್ ಗ್ರಂಥಿ ಊದಿಕೊಳ್ಳುವುದು. ಕೊಡಗು, ಚಿಕ್ಕಮಗಳೂರಿನಂಥ ಬೆಟ್ಟದ ನಾಡುಗಳಲ್ಲಿ ಇದು ಹೆಚ್ಚಾಗಿತ್ತು. ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುತ್ತದೆ, ಅದನ್ನು ಉಪ್ಪಿನಲ್ಲಿ ಬೆರೆಸಿ ತಿರುಗಿ ಕೊಡಬೇಕು. ದನಗಳ ಗಳಲೆ ರೋಗದ ಹೆಸರಲ್ಲೂ ಗಂಟಲಿದೆ. ಮಳೆಗಾಲದ ಮೊದಲು ಲಸಿಕೆ ಹಾಕಿಸದೆ ಹೋದರೆ ಎಮ್ಮೆ ಸಂಜೆಗೆ ಮೇವು ಬಿಟ್ಟು ಬೆಳಗಾಗುವುದರೊಳಗೆ ಗಂಟಲು ಊದಿ ಬಿದ್ದಿರುವುದನ್ನು ಹೈನು ನಂಬಿದ ಮನೆಗಳು ನೋಡಿವೆ.

ಶೇಂಗಾ ಪ್ರಸಂಗದ ನಂತರ ನಾನು ಪಾಠ ಮಾಡುವ ರೀತಿ ಸ್ವಲ್ಪ ಬದಲಾಗಿದೆ. ಜೀರ್ಣಾಂಗ ಒಂದು ಅಧ್ಯಾಯ, ಶ್ವಾಸಾಂಗ ಇನ್ನೊಂದು ಅಧ್ಯಾಯ. ಎರಡು ಪ್ರತ್ಯೇಕ ಚಿತ್ರಗಳು. ಅವು ಗಂಟಲಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದು ಎರಡು ಪುಟಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ನಾನು ಈಗ ಎರಡನ್ನೂ ಒಂದೇ ಚಿತ್ರದಲ್ಲಿ, ಅನ್ನದ ದಾರಿಗೆ ಕೆಂಪು ಸೀಮೆಸುಣ್ಣ, ಉಸಿರಿನ ದಾರಿಗೆ ನೀಲಿ ಸೀಮೆಸುಣ್ಣ ಹಿಡಿದು ಬರೆಯುತ್ತೇನೆ. ಆಮೇಲೆ ಇಬ್ಬಿಬ್ಬರನ್ನು ನಿಲ್ಲಿಸಿ ಬೆನ್ನಿಗೆ ಹೊಡೆಯುವ ಜಾಗ, ಮುಷ್ಟಿಯಿಡುವ ಜಾಗ ತೋರಿಸುತ್ತೇನೆ. ಜೋರಾಗಿ ಹೊಡೆಯಬಾರದು, ಹೊಟ್ಟೆ ಒತ್ತಬಾರದು, ಜಾಗ ಮುಟ್ಟಿ ತೋರಿಸಿದರೆ ಸಾಕು ಎಂದು ಮೊದಲೇ ಹೇಳದಿದ್ದರೆ ಹಳೆಯ ಜಗಳವೆಲ್ಲ ಅಲ್ಲೇ ತೀರಿಹೋಗುತ್ತದೆ.

ಭೇರುಂಡದ ಪ್ರಶ್ನೆ ಕೇಳಿದ ಹುಡುಗಿ ಸೋಮವಾರ ಚಿತ್ರ ಬರೆದುಕೊಂಡು ಬಂದಳು. ಎರಡು ಕೊರಳು, ಎರಡು ಗಂಟಲಕುಳಿ, ಎರಡು ಮುಚ್ಚಳ. ಎರಡು ಅನ್ನನಾಳಗಳು ಎದೆಯ ಹತ್ತಿರ ಒಂದಾಗಿ ಒಂದೇ ಜಠರಕ್ಕೆ ಸೇರಿದ್ದವು. ಎರಡು ಶ್ವಾಸನಾಳಗಳು ಮಾತ್ರ ಸೇರಿರಲಿಲ್ಲ, ಒಂದು ಬಲ ಪುಪ್ಪುಸಕ್ಕೆ, ಒಂದು ಎಡ ಪುಪ್ಪುಸಕ್ಕೆ ನೇರವಾಗಿ ಇಳಿದಿದ್ದವು. ಯಾಕಮ್ಮ ಎಂದು ಕೇಳಿದೆ. 'ಒಂದು ತಲೆಗೆ ಗಂಟಲಲ್ಲಿ ಸಿಕ್ಕಿಕೊಂಡರೆ ಇನ್ನೊಂದು ತಲೆ ಉಸಿರಾಡಲಿ ಅಂತ, ಸಾರ್' ಎಂದಳು. ಐದಕ್ಕೆ ನಾಲ್ಕು ಅಂಕ ಕೊಟ್ಟೆ. ಶ್ವಾಸನಾಳವನ್ನು ಅನ್ನನಾಳದ ಹಿಂದೆ ಬರೆದಿದ್ದಳು.